ಕರಿಮಾಳದ ಜಡೆಯಮ್ಮನಿಗೆ, ಇಬ್ಬನಿ ಆರುವ ಮೊದಲು

ಕರಿಮಾಳ ಬೆಟ್ಟ
ಫೆಬ್ರವರಿ ೪೩, ೨೧೩೮

ಜಡೆಯಮ್ಮಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೆ ಫೆಬ್ರವರಿ ಮುಗಿಯುವುದಿಲ್ಲ. ಹೋದ ಸಲ ಅದು ತೊಂಬತ್ತೊಂದು ದಿನ ನಡೆಯಿತು. ಅಜ್ಜಿ ಎಂದು ಕರೆದದ್ದಕ್ಕೂ ಕ್ಷಮೆ ಇರಲಿ. ಈ ಕಾಗದ ಸಿಗುವಾಗ ನಿಮಗಿನ್ನೂ ಇಪ್ಪತ್ತೆರಡು, ಬರೆಯುತ್ತಿರುವ ನನಗೆ ಮೂವತ್ತನಾಲ್ಕು. ಆದರೂ ನೀವು ನನ್ನ ಮುತ್ತಜ್ಜಿಯನ್ನು ಸಾಕಿ ಬೆಳೆಸುವವರು, ಹಾಗಾಗಿ ದೊಡ್ಡವರು ನೀವೇ. ನನ್ನ ಹೆಸರು ಬೊಮ್ಮಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಸಹಿಸಿಕೊಳ್ಳಿ.

ನಾನು ಕೇಳುವುದು ಒಂದೇ. ನಾಳೆ ಬೆಳಿಗ್ಗೆ ನಿಮ್ಮ ಅಪ್ಪ ಕುಂಬಯ್ಯನವರು ತರಗುಬೆಂಕಿ ಹಾಕಲು ಹೊರಡುತ್ತಾರೆ. ಅವರನ್ನು ತಡೆಯಬೇಡಿ.

ಇದು ನಿಮಗೆ ಹೇಗೆ ತಲುಪುತ್ತದೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ನೀವು ಟಿಕೆಟ್ ಹರಿದುಕೊಡುವ ವ್ಯೂ ಪಾಯಿಂಟಿನ ಗೇಟಿನ ಪಕ್ಕ ಒಂದು ಚಪ್ಪಟೆ ಬಂಡೆ ಇದೆಯಲ್ಲ, ಅದರ ಕೆಳಗೆ ಇಟ್ಟದ್ದು ನಮ್ಮಲ್ಲಿ ಉಳಿಯುವುದಿಲ್ಲ. ಒಮ್ಮೆ ಸುಟ್ಟ ಗೆಣಸು ಇಟ್ಟು ನೋಡಿದೆ. ಮಾರನೆಯ ದಿನ ಗೆಣಸು ಇರಲಿಲ್ಲ, ಅದಿದ್ದ ಜಾಗದಲ್ಲಿ ನಿಮ್ಮ ಕಾಲದ ಒಂದು ಟಿಕೆಟ್ ಇತ್ತು. ಶಾಯಿ ಇನ್ನೂ ಬೆರಳಿಗೆ ಅಂಟುತ್ತಿತ್ತು. ಅದರ ಮೇಲಿನ ತಾರೀಖು ನೋಡಿಯೇ ಈ ಕಾಗದ ಬರೆಯಲು ಕುಳಿತೆ.

ನಮ್ಮ ಬದುಕು ಹೇಗಿದೆ ಎಂದು ಕೇಳುತ್ತೀರಿ. ಪ್ರತಿ ಮನೆಯ ನಡುವೆ ತಣಿಗುಂಡಿ ಇದೆ, ಅಂದರೆ ಕಲ್ಲು ಕಟ್ಟಿದ ಆಳದ ಹಳ್ಳ. ಬೆಂಕಿ ಮೇಲಿಂದ ದಾಟಿಹೋಗುವಾಗ ಒದ್ದೆ ಗೋಣಿ ಹೊದ್ದು ಅದರೊಳಗೆ ಕೂರುತ್ತೇವೆ. ರಾಗಿ ಬೀಸುವುದು, ಮಕ್ಕಳ ತಲೆ ಬಾಚುವುದು, ಜಗಳ ಆಡುವುದು ಎಲ್ಲವೂ ಅಲ್ಲೇ ಸಾಗುತ್ತದೆ. ಬಟ್ಟೆ ಒಗೆದರೆ ಬೂದಿ ಬಣ್ಣಕ್ಕೇ ಒಣಗುತ್ತದೆ, ಬಿಳಿ ಸೀರೆ ಎಂಬುದನ್ನು ನಾನು ನೋಡಿಲ್ಲ. ಹಕ್ಕಿಗಳಿಲ್ಲ. ಸಂಜೆ ಹೊತ್ತು ಇಳಿಯುವಾಗ ಒಂಬತ್ತು ಪೋಡುಗಳವರು, ಎಂದರೆ ನಮ್ಮ ಒಂಬತ್ತು ಹಾಡಿಗಳವರು, ಗುಡ್ಡದಿಂದ ಗುಡ್ಡಕ್ಕೆ ಕೂಗು ಹಾಕಿ ಎಲ್ಲರೂ ಬದುಕಿದ್ದೇವೆ ಎಂದು ತಿಳಿಸುತ್ತಾರೆ. ಇದಕ್ಕೆ ಕೂಗೆಣಿಕೆ ಎನ್ನುತ್ತೇವೆ. ಒಂಬತ್ತು ಕೂಗು ಮುಗಿದ ಮೇಲೆ ಹತ್ತನೆಯದೊಂದು ಬರುತ್ತದೆ. ಅದು ಬರುವುದು ವ್ಯೂ ಪಾಯಿಂಟಿನಿಂದ. ಅಲ್ಲಿ ಯಾರೂ ಇಲ್ಲ. ಕರಗಿ ಬಾಗಿದ ಕಬ್ಬಿಣದ ಕಂಬಿಗಳು ಮಾತ್ರ ಇವೆ.

ಆ ಕೂಗು ಯಾರದೆಂದು ತಿಳಿಯಬೇಕಾದರೆ ನಿಮ್ಮ ಮುಂದಿನ ಒಂದು ತಿಂಗಳನ್ನು ಹೇಳಬೇಕು. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎಷ್ಟೋ ವರ್ಷಗಳ ಬಳಿಕ ನಿಮ್ಮ ಪೋಡಿನವರಿಗೆ ತರಗುಬೆಂಕಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಸಿಕ್ಕಿದೆ. ಎಲೆಗಳ ಮೇಲೆ ಇಬ್ಬನಿ ಇರುವಾಗ ಹಾಕಿದ ಬೆಂಕಿ ಪಾದದೆತ್ತರಕ್ಕೆ ತೆವಳಿ, ಒಣ ತರಗನ್ನಷ್ಟು ತಿಂದು, ತಾನೇ ಆರುತ್ತದೆ. ಆಮೇಲೆ ಬೇಸಿಗೆಯಲ್ಲಿ ದೊಡ್ಡ ಬೆಂಕಿ ಬಂದರೆ ಅದಕ್ಕೆ ಮೇವಿರುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನಾಳೆ ನೀವು ಅಪ್ಪನಿಗೆ, "ಈ ವಾರ ಬ್ಯಾಡ ಕನಪ್ಪ. ಬಂದವ್ರಿಗೆಲ್ಲ ಹೊಗ ಆಯ್ತದ. ಸ್ವಾಮಾರ ಹಾಕವ" ಎನ್ನುತ್ತೀರಿ. ಮಗಳ ಮಾತು ಮೀರದ ಆ ಮನುಷ್ಯ ಪಂಜನ್ನು ಮೂಲೆಗಿಡುತ್ತಾರೆ. ಸೋಮವಾರವೂ ಪ್ರವಾಸಿಗರ ಟೆಂಟುಗಳು ತುಂಬಿರುತ್ತವೆ. ಹೀಗೇ ನಾಲ್ಕು ವಾರ ಕಳೆದು ಇಬ್ಬನಿ ನಿಂತುಹೋಗುತ್ತದೆ. ಆಗ ಅವರು, "ಇನ್ನ ಹಾಕಿದ್ರ ನಾವೇ ಕಾಡ ಸುಟ್ಟಂಗಾಯ್ತದ ಕನವ್ವ" ಎಂದು ಕೈಬಿಡುತ್ತಾರೆ. ನಿಮಗೆ ಬಂದವರ ಮೇಲೆ ಎಷ್ಟು ಅಕ್ಕರೆ ಇತ್ತೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಸುಳ್ಳೇಕೆ ಹೇಳಲಿ.

ಶಿವರಾತ್ರಿ ರಜೆಯ ಭಾನುವಾರ ಮಧ್ಯಾಹ್ನ ಕೆಳಗಿನ ಲಂಟಾನ ಪೊದೆಗಳಿಂದ ಬೆಂಕಿ ಎದ್ದು ಬೆಟ್ಟ ಹತ್ತುತ್ತದೆ. ವ್ಯೂ ಪಾಯಿಂಟಿನಲ್ಲಿ ಮೊಣಕಾಲುದ್ದ ತರಗು ಬಿದ್ದಿರುತ್ತದೆ. ನೀವು ಒಂದು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಗೆಯೊಳಗಿಂದ ಮೇಲೆ ಬರುತ್ತೀರಿ. ಮಗುವಿಗೆ ಮೂರು ವರ್ಷ, ಹೆಸರು ಇಂಚರ. ಅವಳ ತಾಯಿ ತಂದೆ ಮೇಲೆ ಬರಲಿಲ್ಲ. ಕೇಳಿಕೊಂಡು ಬರುವ ನೆಂಟರೂ ಇರಲಿಲ್ಲ. ನೀವು ಮದುವೆಯಾಗದೆ ಅವಳನ್ನು ಸಾಕಿದಿರಿ. ಆ ಇಂಚರಳೇ ನನ್ನ ಮುತ್ತಜ್ಜಿ.

ಹತ್ತನೆಯ ಕೂಗು ಅವಳ ತಾಯಿಯದು. "ಇಂಚೂ… ಎಲ್ಲಿದೀಯಾ ಪುಟ್ಟಾ…" ಎಂದು ಪ್ರತಿ ಸಂಜೆ, ನೂರ ಹನ್ನೆರಡು ವರ್ಷಗಳಿಂದ. ಅದಕ್ಕೆ ಯಾರೂ ಓಗೊಡಬಾರದೆಂದು ನಮ್ಮಲ್ಲಿ ಕಟ್ಟಳೆ. ಮುತ್ತಜ್ಜಿ ಆ ಹೊತ್ತಿಗೆ ಎರಡೂ ಕಿವಿ ಮುಚ್ಚಿಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ನನಗೆ ಆರು ವರ್ಷ, ಅವಳಿಗೆ ಎಂಬತ್ತೇಳು. ಒಂದು ಸಂಜೆ ಅವಳು ಕಿವಿ ಮುಚ್ಚಲಿಲ್ಲ. "ಬಂದಿ ಕನವ್ವ" ಎಂದು ಸಣ್ಣ ಮಗುವಿನಂತೆ ಎದ್ದು, ಬಾಗಿಲು ದಾಟಿ ಕೆಳಗಿನ ಹಾದಿ ಹಿಡಿದಳು. ನನ್ನನ್ನು ಅಲ್ಲಾಡದಂತೆ ಹಿಡಿದುಕೊಂಡದ್ದು ನನ್ನ ಅವ್ವ. ಬೆಳಗಾದ ಮೇಲೆ ಹುಡುಕಿದರೆ ಬೂದಿಯ ಮೇಲೆ ಅವಳ ಹೆಜ್ಜೆಗಳಿದ್ದವು. ಅವು ಕಂಬಿಗಳ ತನಕ ಹೋಗಿದ್ದವು, ಹೋಗುತ್ತಾ ಹೋಗುತ್ತಾ ಚಿಕ್ಕವಾಗಿದ್ದವು.

ತಾಯಿಗೆ ಮಗು ಸಿಕ್ಕಿತು, ಇನ್ನು ಕೂಗು ನಿಲ್ಲುತ್ತದೆ ಎಂದುಕೊಂಡೆವು. ಅದೇ ಸಂಜೆ ಮತ್ತೆ ಕೂಗಿತು. ಇಪ್ಪತ್ತೆಂಟು ವರ್ಷಗಳಿಂದ ಅದನ್ನು ಕೇಳುತ್ತಾ ನನಗೆ ಸಾಕಾಗಿದೆ. ಭಯವೆಲ್ಲ ಎಂದೋ ಹೋಯಿತು, ಈಗ ಕೇಳಿದರೆ ಬರೀ ಕರುಳು ಹಿಂಡುತ್ತದೆ. ಅವರಿಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಾ ಅದೇ ಹೊಗೆಯಲ್ಲಿ ತಿರುಗುತ್ತಿದ್ದಾರೆ. ಇಲ್ಲಿಂದ ನಾವು ಏನು ಮಾಡಿದರೂ ಅದು ಮುಗಿಯುವುದಿಲ್ಲ, ನಿಮ್ಮಲ್ಲಿ ಶುರುವಾಗದಿದ್ದರೆ ಮಾತ್ರ ಮುಗಿಯುತ್ತದೆ.

ನೀವು ಅಪ್ಪನನ್ನು ತಡೆಯದಿದ್ದರೆ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕದೆ ಇಲ್ಲ. ಇಂಚರ ತನ್ನ ಊರಿಗೆ ಹೋಗುತ್ತಾಳೆ, ಅಲ್ಲೇ ಬೆಳೆಯುತ್ತಾಳೆ. ಈ ಬೆಟ್ಟದಲ್ಲಿ ನನ್ನ ಅಜ್ಜಿಯಿಲ್ಲ, ಅವ್ವ ಇಲ್ಲ, ನಾನೂ ಇಲ್ಲ. ಮೊದಲ ಸಲ ಇದು ಹೊಳೆದಾಗ ಮೂರು ದಿನ ಅನ್ನ ಸೇರಲಿಲ್ಲ. ಅವ್ವನಿಗೆ ಹೇಳಿದೆ. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ಬರಿ ಮಗ" ಎಂದಳು. ಬರೆಯುತ್ತಿದ್ದೇನೆ.

ಇನ್ನೊಂದು ಕಷ್ಟದ ಮಾತಿದೆ, ಅದಕ್ಕೇ ಕೊನೆಗೆ ಇಟ್ಟೆ. ತರಗುಬೆಂಕಿ ಹಾಕಿದರೂ ಆ ಮಗು ಶಿವರಾತ್ರಿಗೆ ಬಂದೇ ಬರುತ್ತದೆ. ನೀವು ಅದಕ್ಕೆ ಜೇನು ನೆಕ್ಕಿಸುತ್ತೀರಿ, ಎರಡು ದಿನ ಅದು ನಿಮ್ಮ ಸೊಂಟ ಬಿಟ್ಟು ಇಳಿಯುವುದಿಲ್ಲ. ಭಾನುವಾರ ಕಾರು ಹೊರಡುವಾಗ ಸೆರಗು ಹಿಡಿದುಕೊಂಡು ಅಳುತ್ತದೆ. ನಿಮಗೂ ಕೊಡಲು ಮನಸ್ಸು ಬರುವುದಿಲ್ಲ, ಏಕೆಂದು ನಿಮಗೇ ತಿಳಿಯುವುದಿಲ್ಲ. ಆಗ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಜ್ಜಿ. ಅದರ ಅಮ್ಮನ ಕೈಗೆ ಕೊಟ್ಟುಬಿಡಿ.

ಬೊಮ್ಮಿ