ಎರಡನೇ ಮಹಡಿಯ ಸ್ಟೂಲು

ಮ್ಯಾನೇಜರ್ ಸಾಹೇಬರಿಗೆ ಮೆಟ್ಟಿಲು ಗುಡಿಸುವವಳ ನಮಸ್ಕಾರ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಅರ್ಧ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎದೆಯ ಸೋಂಕಿನಿಂದ ಎದ್ದು ಐದು ತಿಂಗಳಾಯಿತು. ಆಸ್ಪತ್ರೆಯ ಚೀಟಿಯಲ್ಲಿ ‘ಗುಣವಾಗಿದೆ’ ಎಂದು ಬರೆದಿದ್ದಾರೆ, ನೀವೂ ಅದನ್ನೇ ತೋರಿಸುತ್ತೀರಿ. ನನ್ನ ಎದೆಗೆ ಓದು ಬರುವುದಿಲ್ಲ, ಸಾಹೇಬರೇ. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಉಸಿರು ಗಂಟಲಿಗೆ ಬರುತ್ತದೆ, ಕಾಲು ನಡುಗುತ್ತದೆ. ಅದಕ್ಕೇ ಅಲ್ಲಿ ಒಂದು ಸ್ಟೂಲು ಇಟ್ಟುಕೊಂಡಿದ್ದೆ. ನೀವು ತೆಗೆಸಿದಿರಿ. “ಉಸಿರು ಸಾಲ್ದಿದ್ರೆ ಕೆಳಗಿಂದಾನೇ ಗುಡಿಸ್ಕೊಂಡು ಹೋಗಮ್ಮ” ಅಂದಿರಿ. ಕೆಳಗಿನಿಂದ ಗುಡಿಸಿದರೆ ಗುಡಿಸಿದ್ದರ ಮೇಲೇ ಕಸ ಬೀಳುತ್ತದೆ. ನಾಲ್ಕು ಮಹಡಿ ಹತ್ತಿದ ಮೇಲೇ ನನ್ನ ಕೆಲಸ ಶುರು.

ನಿನ್ನೆ ಸ್ಟೂಲನ್ನು ಮತ್ತೆ ತಂದು, ಕಂಬಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದೇನೆ. ಬೀಗ ಬಿದ್ದಿದೆಯೋ ಇಲ್ಲವೋ ಎಂದು ಗಾಬರಿಯಾಗಿ ಮೂರು ಸಲ ಹತ್ತಿ ನೋಡಿದೆ. ಮೂರು ಸಲವೂ ಅದರ ಮೇಲೇ ಕೂತು ಸುಧಾರಿಸಿಕೊಂಡೆ. ಕೆಲಸ ಹೋದೀತೆಂಬ ಭಯಕ್ಕೆ ಈ ಪತ್ರವನ್ನೂ ಎರಡು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಸ್ಟೂಲು ತೆಗೆಸಲೇಬೇಕೆಂದರೆ ಬೇರೆ ಯಾರನ್ನೂ ಕಳಿಸಬೇಡಿ. ನಾನು ಕೂತಿರುವಾಗ ನೀವೇ ಮೆಟ್ಟಿಲು ಹತ್ತಿ ಬಂದು “ಏಳು” ಅನ್ನಿ.

ಇಂತಿ,
ಬೆಳಿಗ್ಗೆ ಏಳಕ್ಕೆ ಎರಡನೇ ಮಹಡಿಯಲ್ಲಿ ಕೂತಿರುವವಳು