ನಿನ್ನ ಹೆಸರಿನ ರಿಪೋರ್ಟುಗಳು

ಅಣ್ಣಾ,

ಇವತ್ತು ಅತ್ತಿಗೆ ನನ್ನನ್ನು ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಐವತ್ತು ದಾಟಿದ ಗಂಡಸರಿಗೆ ಮಾಡುವ ಪ್ರಾಸ್ಟೇಟ್ ಪರೀಕ್ಷೆ. ಏನೂ ಇರಲಿಕ್ಕಿಲ್ಲ, ಆದರೂ ನಾಲ್ಕು ದಿನದಿಂದ ನನಗೆ ಊಟ ಸೇರಿಲ್ಲ. ನಾನು ಪುಕ್ಕಲ ಅಂತ ನಿನಗೆ ಗೊತ್ತೇ ಇದೆ. ಸೂಜಿ ಕಂಡರೆ ಮಾತ್ರ ನೀನು ನನಗಿಂತ ಪುಕ್ಕಲನಾಗುತ್ತಿದ್ದೆ.

ನಿನ್ನ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಇದೇ ಪರೀಕ್ಷೆಗೆ ರಕ್ತ ತೆಗೆಯುವ ದಿನ ಬಂದರೆ, "ಒಡಹುಟ್ಟಿದವರ ರಕ್ತ ಒಂದೇ ಕಣೋ, ನೀನೇ ಹೋಗಿ ಬಾ" ಎಂದು ನಿನ್ನ ಚೀಟಿಯನ್ನು ನನ್ನ ಜೇಬಿಗೆ ತುರುಕುತ್ತಿದ್ದೆ. ಹೊರಗಿನಿಂದ ಬಂದ ನರ್ಸಿಗೆ ನಮ್ಮ ಮುಖ ಗೊತ್ತಿರಲಿಲ್ಲ. ಮೂರು ವರ್ಷ ನಿನ್ನ ಹೆಸರಲ್ಲಿ ನಾನೇ ತೋಳು ಚಾಚಿದೆ. ಎಲ್ಲಾ ಚೆನ್ನಾಗಿದೆ ಅಂತ ರಿಪೋರ್ಟು ಬಂದಾಗಲೆಲ್ಲ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಾಲ್ಕನೇ ವರ್ಷ ನೀನಿರಲಿಲ್ಲ.

"ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?" ಎಂದು ಡಾಕ್ಟರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು: "ನಮ್ಮ ಯಜಮಾನ್ರಿಗೆ, ಇವನಣ್ಣನಿಗೆ. ಇದೇ ಪ್ರಾಸ್ಟೇಟ್. ಪಾಪ, ಅವ್ರು ಒಂದು ವರ್ಷಾನೂ ತಪ್ಪಿಸ್ದೆ ರಕ್ತ ಕೊಡ್ತಿದ್ರು ಡಾಕ್ಟ್ರೇ. ಎಲ್ಲಾ ರಿಪೋರ್ಟೂ ಜೋಪಾನವಾಗಿ ಇಟ್ಟಿದ್ದೀನಿ."

"ಹಾಗಾದ್ರೆ ನಾಳೆ ತನ್ನಿ, ನೋಡೋಣ" ಎಂದರು ಡಾಕ್ಟರು.

ಈಗ ಅತ್ತಿಗೆ ಪಕ್ಕದ ಕೋಣೆಯಲ್ಲಿ ಕೂತು, ಆ ಮೂರು ಹಾಳೆಗಳ ಮಡಿಕೆಯನ್ನು ಅಂಗೈಯಿಂದ ನೀವಿ ನೀವಿ ಸರಿಮಾಡುತ್ತಿದ್ದಾರೆ.