ನಮ್ಮ ಶುದ್ಧಾನುಶುದ್ಧ ಕೊಳಕು ನೀರು

ಕುಡಿಯುವ ನೀರಿನ ಇಲಾಖೆಯ ಮುಖ್ಯ ಅಧಿಕಾರಿಗಳೇ,

ತಾವು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ನಲ್ಲಿಯನ್ನು ದಯವಿಟ್ಟು ಇವತ್ತೇ ಮುಚ್ಚಿಸಿ. ಅದರ ಯಂತ್ರ ಮಾಡಿದವನೇ ಬೇಡುತ್ತಿದ್ದೇನೆ. ಫೋನ್ ಮಾಡಿದಾಗಲೆಲ್ಲ ತಾವು ಮೀಟಿಂಗಿನಲ್ಲಿದ್ದಿರಿ. ನೀರಿನ ಬಗ್ಗೆಯೇ ಇರಬೇಕು.

ಗೊಬ್ಬರ, ಚರಂಡಿಗಳಿಂದ ಕೊಳವೆಬಾವಿಗೆ ಇಳಿದ ನೈಟ್ರೇಟನ್ನು ವಿದ್ಯುತ್ತಿನ ನೆರವಿನಿಂದ ನಿರುಪದ್ರವಿ ಸಾರಜನಕವಾಗಿಸುವುದು ನಮ್ಮ ವೇಗವರ್ಧಕದ ಕೆಲಸ. ಲೋಹದ ಪಟ್ಟಿಗೆ ಬಳಿದ ತಾಮ್ರದ ತೆಳು ಲೇಪ ಅದು. ಪ್ರಯೋಗಾಲಯದಲ್ಲಿ ತಮ್ಮೆದುರು ಎಷ್ಟು ಸಾಧುವಾಗಿ ನಡೆದುಕೊಂಡಿತು! ನಡೆದುಕೊಳ್ಳದೆ ಏನು? ಅಂದು ಹಾಯಿಸಿದ್ದು ಬಾವಿಯ ನೀರಲ್ಲ. ಭಟ್ಟಿ ಇಳಿಸಿದ ನೀರಿಗೆ ಚಿಟಿಕೆ ನೈಟ್ರೇಟ್ ಉಪ್ಪು ಬೆರೆಸಿ ನಾವೇ ತಯಾರಿಸಿದ ಕೊಳಕು. ನಮ್ಮ ಕಸುಬಿನವರೆಲ್ಲ ಹಾಗೇ ಶುರುಮಾಡುತ್ತಾರೆ. ಅಲ್ಲಿಗೇ ಮುಗಿಸಿದವನು ನಾನು. "ಬಾವಿ ನೀರಲ್ಲೂ ನಡೆಯುತ್ತೆ ತಾನೇ?" ಎಂದಿರಿ. ಸುತ್ತ ಕ್ಯಾಮೆರಾಗಳಿದ್ದವು. "ನಡೀದೆ ಏನ್ ಸಾರ್" ಎಂದುಬಿಟ್ಟೆ.

ಬಾವಿಯ ನೀರಿನ ಸುಣ್ಣದಂಶ, ಕೆಟಲಿನ ತಳದಲ್ಲಿ ಕಟ್ಟುವ ಹಾಗೆ, ಲೇಪದ ಮೇಲೆ ಬಿಳಿ ಪೊರೆ ಕಟ್ಟಿತು. ಕೆಲಸ ಅರ್ಧಕ್ಕೇ ನಿಂತು ನೈಟ್ರೇಟು ಸಾರಜನಕವಾಗದೆ ನೈಟ್ರೈಟ್ ಎಂಬ ಇನ್ನೊಂದು ವಿಷವಾಯಿತು. ರಕ್ತ ಆಮ್ಲಜನಕ ಹೊರದಂತೆ ಮಾಡುವ ಇದು ಎಳೆಗೂಸುಗಳಿಗೆ ಅದಕ್ಕಿಂತ ಕೇಡು. ತಮ್ಮ ಇಲಾಖೆ ಅಳೆಯುವುದೋ ನೈಟ್ರೇಟನ್ನು ಮಾತ್ರ. ಅದು ಇಳಿದಿದೆ, ಎಲ್ಲರಿಗೂ ಸಂತೋಷ. ಕಳ್ಳ ಅಂಗಿ ಬದಲಿಸಿದ್ದಕ್ಕೆ ಕಳ್ಳತನ ಕಡಿಮೆಯಾಯಿತೆಂದು ಬೀಗುವ ಪೊಲೀಸ್ ಠಾಣೆ ಎಲ್ಲಾದರೂ ಇದೆಯೇ?

ಕಳೆದ ಭಾನುವಾರ ಯಂತ್ರ ಬಿಚ್ಚಿ, ಪೊರೆ ನೋಡಿ, ನೀರು ಪರೀಕ್ಷಿಸಿ ಮನೆಗೆ ಓಡಿದೆ. ಅತ್ತಿಗೆ ಮಗುವಿನ ಹಾಲಿನ ಬಾಟಲಿ ಕುಲುಕುತ್ತಿದ್ದರು.

"ಬಾರಪ್ಪಾ ವಿಜ್ಞಾನಿ! ನಿನ್ನ ನಲ್ಲಿ ನೀರಲ್ಲೇ ಹಾಲಿನ ಪುಡಿ ಕಲಸಿದೀನಿ. ಬೀದಿಗೆಲ್ಲ ಹೇಳ್ಕೊಂಡ್ ಬಂದೆ, ನಮ್ಮ ಮೈದುನನ ಮೆಷೀನು ಅಂತ."

"ಅತ್ತಿಗೆ, ಕೊಡಬೇಡಿ! ಚೆಲ್ಲಿಬಿಡಿ."

"ಯಾಕೋ? ನೀನೇ ತಾನೇ ಮಾಡಿದ್ದು?"

"ಅದಕ್ಕೇ."

ಬಾಟಲಿ ಚೆಲ್ಲುತ್ತಿದ್ದವರು ತಟ್ಟನೆ ನಿಂತರು. "ಅಯ್ಯೋ, ಕೆಳಗಿನ ಮನೆ ಅವಳಿ ಮಕ್ಕಳಿಗೋ? ನಾನೇ ಹೇಳಿದ್ದು ಕಣೋ, ಇದೇ ನೀರು ಕೊಡಿ ಅಂತ."

ನಾನು ಆ ಕೆಳಗಿನ ಮನೆಯ ಬಾಗಿಲು ದಾಟಿಕೊಂಡೇ ಮೆಟ್ಟಿಲು ಹತ್ತಿ ಬಂದಿದ್ದೆ. ತಟ್ಟಬೇಕೆಂದು ತೋಚಿರಲಿಲ್ಲ.

ಡಾಕ್ಟರು ಮೂರೂ ಕೂಸುಗಳನ್ನು ನೋಡಿ ಸದ್ಯಕ್ಕೆ ಭಯವಿಲ್ಲ ಎಂದಿದ್ದಾರೆ. ನಲ್ಲಿಯ ಫಲಕದ ಮೇಲೆ ನಾನು ಅಂಟಿಸಿದ ಎಚ್ಚರಿಕೆಯನ್ನು ತಮ್ಮ ಸಿಬ್ಬಂದಿ, "ಸಾಹೇಬ್ರ ಹೆಸರು ಮುಚ್ಚೋಗುತ್ತೆ" ಎಂದು ಕಿತ್ತುಹಾಕಿದರು. ಬಿಂದಿಗೆಗಳ ಸಾಲು ಇನ್ನೂ ಕರಗಿಲ್ಲ.

ಆದ್ದರಿಂದ ನಲ್ಲಿ ಮುಚ್ಚಿಸಿ, ಟ್ಯಾಂಕರ್ ಕಳಿಸಿ. ನೈಟ್ರೈಟನ್ನೂ ಅಳೆಯಿಸಿ. ನಮ್ಮ ಪ್ರಯೋಗಾಲಯಕ್ಕೆ ಬಾವಿಯ ನೀರನ್ನೇ ತರಿಸಿ. ಅದರಲ್ಲಿ ತಿಂಗಳುಗಟ್ಟಲೆ ಪೊರೆ ಕಟ್ಟದೆ, ಕೆಲಸ ಅರ್ಧಕ್ಕೆ ಬಿಡದೆ ದುಡಿಯುವ ಲೇಪ ಸಿಗುವವರೆಗೆ ರಿಬ್ಬನ್ನು ಅಂಗಡಿಯಲ್ಲೇ ಇರಲಿ. ತಪ್ಪು ಯಾರದೆಂದು ಜನ ಕೇಳಿದರೆ ನನ್ನತ್ತ ಬೆರಳು ತೋರಿಸಿ. ನಲ್ಲಿ ಮುಚ್ಚಿದ ಮೇಲೆ.

ಇಂತಿ,
ಸ್ವಂತ ಮನೆಗೆ ಮೊದಲು ಓಡಿದ ಒಬ್ಬ ಚಿಕ್ಕಪ್ಪ